ಮುಚ್ಚಳದ ಲೆಕ್ಕ

ಹೋದ ಶನಿವಾರ ಬೆಳಗ್ಗೆ ನಮ್ಮೂರ ಶಾಲೆಯ 5ನೇ ತರಗತಿ ಮಕ್ಕಳು ತೋಟಕ್ಕೆ ಬಂದಿದ್ರು. 22 ಮಕ್ಕಳು, ಜೊತೆಗೆ ಮೇಷ್ಟ್ರು. ನನ್ನ ಮಗಳೂ ಅದೇ ಕ್ಲಾಸು.

ಮೇಷ್ಟ್ರು ಹಿಂದಿನ ವಾರ ಡೇರಿ ಹತ್ರ ಸಿಕ್ಕಾಗ ಹೇಳಿದ್ರು: "ಬೋರ್ಡ್ ಮೇಲೆ ಮೀಟರನ್ನ ಸೆಂಟಿಮೀಟರ್ ಮಾಡಿ ಅಂದ್ರೆ ಪಟ್ ಅಂತ ಮಾಡ್ತಾರೆ. ಈ ಬಾಗಿಲು ಎಷ್ಟು ಎತ್ತರ ಇರ್ಬೋದು ಅಂದ್ರೆ ಒಬ್ಬ 20 ಮೀಟರ್ ಅಂತಾನೆ, ಇನ್ನೊಬ್ಬ 20 ಸೆಂಟಿಮೀಟರ್ ಅಂತಾನೆ. ಅಂದಾಜು ಅನ್ನೋದೇ ಇಲ್ಲ. ಒಂದಿನ ನಿಮ್ಮ ತೋಟಕ್ಕೆ ಕರ್ಕೊಂಡು ಬರ್ಲಾ?" ಧಾರಾಳವಾಗಿ ಬನ್ನಿ ಅಂದೆ. ಅಂದಾಜಿನಲ್ಲಿ ನಾವು ರೈತರು ಹುಷಾರು ಅನ್ನೋ ಜಂಬ ನನಗೆ. ಆ ಜಂಬ ಎಲ್ಲಿಗೆ ಹೋಯ್ತು ಅಂತ ಕೊನೆಗೆ ಹೇಳ್ತೀನಿ.

ಮೇಷ್ಟ್ರ ನಿಯಮ ಒಂದೇ. ಮೊದಲು ಅಂದಾಜು ಬರೀಬೇಕು, ಆಮೇಲೆ ಅಳೀಬೇಕು, ಎಷ್ಟು ತಪ್ಪಾಯ್ತು ಅಂತ ಪಕ್ಕದಲ್ಲಿ ಬರೀಬೇಕು. ಅಳಿಸೋ ಹಾಗಿಲ್ಲ. ರಬ್ಬರುಗಳನ್ನೆಲ್ಲ ಮೊದಲೇ ಇಸ್ಕೊಂಡು ಜೇಬಿಗೆ ಹಾಕ್ಕೊಂಡಿದ್ರು.

ಶುರು ಮಾಡಿದ್ದು ಮೈಯಿಂದಲೇ. ಗೇಣು, ಮೊಳ, ಮಾರು. ಒಂದೊಂದು ಮಗುವಿಗೂ ಟೇಪ್ ಹಿಡಿದು ಅವರವರ ಗೇಣು ಎಷ್ಟು, ಮೊಳ ಎಷ್ಟು ಅಂತ ಬರೆಸಿದ್ವಿ. ಎರಡೂ ಕೈ ಚಾಚಿದ್ರೆ ಆಗೋ ಮಾರು, ಅವರವರ ಎತ್ತರಕ್ಕೆ ಹೆಚ್ಚೂಕಡಿಮೆ ಸಮ ಅಂತ ಗೊತ್ತಾದಾಗ ಮಕ್ಕಳಿಗೆ ಅದೇ ಒಂದು ಆಟ ಆಯ್ತು. ಒಬ್ಬ ಹುಡುಗ ಅಂದ: "ಸಂತೇಲಿ ಹೂ ಮಾರೋ ಅಜ್ಜಿ ಮೊಳ ಚಿಕ್ಕದು. ನಮ್ಮಮ್ಮ ತನ್ನ ಕೈಯಲ್ಲೇ ಅಳೆದು ಇಸ್ಕೊಳ್ತಾರೆ." ಅಳತೆಗೆ ಎಲ್ಲರಿಗೂ ಒಂದೇ ಕೋಲು ಯಾಕೆ ಬೇಕು ಅಂತ ಮೇಷ್ಟ್ರು ಪಾಠ ಮಾಡೋ ಅಗತ್ಯನೇ ಬೀಳಲಿಲ್ಲ.

ಆಮೇಲೆ ಭೂಮಿ. ಗುಂಟೆ ಅಂದ್ರೆ 33 ಅಡಿಗೆ 33 ಅಡಿ, 40 ಗುಂಟೆಗೆ ಒಂದು ಎಕರೆ. ನಮಗೆ ಬಾಯಿಪಾಠ. ಮಕ್ಕಳಿಗೆ ಮಾತ್ರ ಅದು ಪಹಣೀಲಿ ಬರೋ ಒಂದು ಪದ, ಅಷ್ಟೆ. 33 ಅಡಿ ಹಗ್ಗ ಎಳೆದು ಒಬ್ಬೊಬ್ಬರನ್ನೇ ನಡೆಸಿದ್ವಿ. ನನ್ನ ಮಗಳಿಗೆ 19 ಹೆಜ್ಜೆ ಆಯ್ತು. ಬದುವಿನ ಉದ್ದ ನಡೆದು 57 ಹೆಜ್ಜೆ ಅಂದಳು. ಹಾಗಾದ್ರೆ ಮೂರು ಹಗ್ಗ, 99 ಅಡಿ. ಟೇಪ್ ಹಿಡಿದ್ರೆ 102. ಮೂರೇ ಅಡಿ ವ್ಯತ್ಯಾಸ! ನಮ್ಮ ತೆಂಗಿನ ಸಾಲು 30 ಅಡಿ ಅಂತರದ್ದು, ಗಿಡಕ್ಕೆ 900 ಚದರಡಿ. ಎಕರೆಗೆ ಸುಮಾರು 48 ಗಿಡ. ಇನ್ಮೇಲೆ ಮರ ಎಣಿಸಿದ್ರೆ ಎಕರೆ ಗೊತ್ತಾಗುತ್ತೆ ಅಂತ ಅವರೇ ಕಂಡ್ಕೊಂಡ್ರು.

ಮರದ ಎತ್ತರಕ್ಕೆ ಒಂದು ಮೀಟರ್ ಕೋಲು ನೆಟ್ಟು ನೆರಳು ಅಳೆದ್ವಿ. ಕೋಲಿನ ನೆರಳು 60 ಸೆಂಟಿಮೀಟರ್, ಮರದ ನೆರಳು 9 ಮೀಟರ್. ಅಂದ್ರೆ ಮರ 15 ಮೀಟರ್. ಎರಡೂ ನೆರಳು ಒಂದೇ ಹೊತ್ತಿಗೆ ಅಳೀಬೇಕು, ನೆಲ ಮಟ್ಟವಾಗಿರಬೇಕು, ಅಷ್ಟೇ ಷರತ್ತು. ಒಬ್ಬನ ಅಂದಾಜು 100 ಮೀಟರ್ ಇತ್ತು. ಅವನೇ ಎಲ್ಲರಿಗಿಂತ ಜೋರಾಗಿ ನಕ್ಕ.

ಬೋರ್ ನೀರು 20 ಲೀಟರ್ ಬಕೆಟ್ಟಿಗೆ ಬಿಟ್ವಿ. ಎಷ್ಟು ಹೊತ್ತಿಗೆ ತುಂಬುತ್ತೆ? "ಒಂದು ನಿಮಿಷ", "ಐದು ನಿಮಿಷ" ಅಂದ್ರು. ತುಂಬಿದ್ದು 10 ಸೆಕೆಂಡಿಗೆ. ಅಂದ್ರೆ ಗಂಟೆಗೆ 7200 ಲೀಟರ್. "ನಮ್ದು ಎರಡಿಂಚು ನೀರು" ಅಂತ ಹೇಳ್ಕೊಂಡು ಓಡಾಡ್ತಿದ್ದ ನಾನು ಆ ಇಂಚು ಎಷ್ಟು ಲೀಟರ್ ಅಂತ ಇಷ್ಟು ವರ್ಷದಲ್ಲಿ ಒಂದು ಸಲ ಬಕೆಟ್ ಇಟ್ಟು ನೋಡಿರ್ಲಿಲ್ಲ.

ತೂಕಕ್ಕೆ ಒಂದು ಕುಂಬಳಕಾಯಿ ಇಟ್ಟಿದ್ದೆ. ಒಂದು ಕೈಯಲ್ಲಿ ಒಂದು ಕೆಜಿ ಉಪ್ಪಿನ ಪ್ಯಾಕೆಟ್ ಹಿಡಿದು ನೋಡಿ, ಆಮೇಲೆ ಕಾಯಿ ಎತ್ತಿ ಬರೀಬೇಕು. ಬಹಳ ಜನ 6, 7 ಅಂತ ಬರೆದ್ರು. ಸ್ಪ್ರಿಂಗ್ ತಕ್ಕಡಿಗೆ ನೇತು ಹಾಕಿದ್ರೆ 5 ತೋರಿಸ್ತು. ಎಲ್ಲರೂ ಸಪ್ಪಗಾದ್ರು. ಹಿಂದೆ ನಿಂತಿದ್ದ ಒಂದು ಹುಡುಗಿ, "ಸಾರ್, ಉಪ್ಪಿನ ಪ್ಯಾಕೆಟ್ ತೂಗಿ ನೋಡಿ" ಅಂದ್ಳು. ತೂಗಿದ್ರೆ ಮುಳ್ಳು ಸೊನ್ನೆ ಬಿಟ್ಟು ಕದಲಲೇ ಇಲ್ಲ! ತಕ್ಕಡಿ ಒಂದು ಕೆಜಿ ಕಡಿಮೆ ತೋರಿಸ್ತಿತ್ತು. ಇದೇ ತಕ್ಕಡೀಲಿ ನಾನು ಮನೆ ಬಾಗಿಲಲ್ಲಿ ಎಷ್ಟು ತರಕಾರಿ ಮಾರಿದ್ದೀನೋ ದೇವರಿಗೇ ಗೊತ್ತು. ಕೈಯಲ್ಲಿ ಒಂದು ಅಂದಾಜು ಇದ್ರೆ ಯಂತ್ರ ಹೇಳಿದ್ದನ್ನ ಸುಮ್ನೆ ಒಪ್ಕೊಳ್ಳಲ್ಲ.

ಕೊನೆಗೆ ಮುಚ್ಚಳ. ಮನೆಯಿಂದ ನೀರಿನ ಬಾಟಲಿ ಮುಚ್ಚಳ, ಎಣ್ಣೆ ಕ್ಯಾನಿನ ಮುಚ್ಚಳ, ಉಪ್ಪಿನಕಾಯಿ ಜಾಡಿ ಮುಚ್ಚಳ ತಂದಿಟ್ಟು, ಯಾವುದಕ್ಕೆ ಎಷ್ಟು ಎಂಎಲ್ ನೀರು ಹಿಡಿಯುತ್ತೆ ಅಂತ ಕೇಳಿದೆ. ಬಹಳ ಜನ ಎಲ್ಲಕ್ಕೂ 10 ಅಂತ ಬರೆದ್ರು. ಹೊಸ ಸಿರಿಂಜಲ್ಲಿ ಅಳೆದಾಗ ಬಂದಿದ್ದು 6, 18, 45.

ಅಲ್ಲಿ ನನಗೆ ಮಾತು ನಿಂತುಹೋಯ್ತು. ಮಗಳು ನನ್ನ ಮುಖ ನೋಡ್ತಾ ಇದ್ಳು.

ಎರಡು ವರ್ಷದ ಹಿಂದೆ ಅರ್ಧ ಎಕರೆ ಮೆಣಸಿನ ಗಿಡ ಹಾಕಿದ್ದೆ. ಔಷಧಿ ಹೊಡೆಯೋಕೆ 16 ಲೀಟರಿನ ಟ್ಯಾಂಕ್ ತುಂಬಿಸ್ತಿದ್ದೆ. ಮಗಳು ದೂರದಿಂದಲೇ ಡಬ್ಬದ ಮೇಲಿಂದು ಓದಿ, "ಅಪ್ಪಾ, ಲೀಟರಿಗೆ 2 ಎಂಎಲ್ ಅಂತ ಇದೆ. ಆ ಮುಚ್ಚಳ ಎಷ್ಟು ಎಂಎಲ್?" ಅಂದಿದ್ಳು. ನಾನು, "ಸ್ಕೂಲ್ ಲೆಕ್ಕ ಹೊಲದಲ್ಲಿ ನಡೆಯಲ್ಲ, ಆಚೆ ಹೋಗು" ಅಂತ ಗದರಿಸಿ ಮೂರು ಮುಚ್ಚಳ ಸುರಿದೆ. ಮುಚ್ಚಳ ಅಂದ್ರೆ 10 ಎಂಎಲ್ ಅನ್ನೋದು ನನ್ನ ಅಂದಾಜು. ಮೂರನೇ ದಿನಕ್ಕೆ ಎಲೆ ಅಂಚು ಸುಟ್ಟು ಮುದುರಿತು, ಹೂ ಉದುರಿತು. ಕಳಪೆ ಮಾಲು ಕೊಟ್ಟೆ ಅಂತ ಅಂಗಡಿಯವನ ಹತ್ರ ಹತ್ತು ಜನರ ಮುಂದೆ ಜಗಳ ಆಡಿ ಬಂದೆ.

ತಿಂಗಳಾದ ಮೇಲೆ ಯಾಕೋ ಅನುಮಾನ ಬಂದು ಆ ಮುಚ್ಚಳಕ್ಕೆ ನೀರು ಹಾಕಿ ಅಳೆದೆ. 25 ಎಂಎಲ್. ಹಾಕಬೇಕಿದ್ದು 32, ಹಾಕಿದ್ದು 75. ಎರಡು ಪಟ್ಟಿಗಿಂತ ಜಾಸ್ತಿ. ಮುಚ್ಚಳ ಬಿಸಾಕಿದೆ, ಯಾರಿಗೂ ಹೇಳಲಿಲ್ಲ. ಮಗಳಿಗೂ ಹೇಳಲಿಲ್ಲ.

ಶನಿವಾರ 22 ಮಕ್ಕಳ ಮುಂದೆ ಹೇಳಿದೆ. ನಡುವೆ ಅವಳ ಕಡೆ ನೋಡೋಕೆ ಆಗಲಿಲ್ಲ. ಹೇಳಿ ಮುಗಿಸಿದಾಗ ಆ ಉಪ್ಪಿನ ಪ್ಯಾಕೆಟ್ ಹುಡುಗಿಯೇ ಕೇಳಿದ್ಳು: "ಹಾಗಾದ್ರೆ ಅಂದಾಜು ಎಲ್ಲಿ ಮಾಡಬಾರದು?" ಮೇಷ್ಟ್ರು ನನ್ನ ಕಡೆ ನೋಡಿದ್ರು. ತಪ್ಪಾದ್ರೆ ನಕ್ಕು ಬಿಡೋ ಜಾಗದಲ್ಲಿ ಅಂದಾಜು ಸಾಕು, ತಪ್ಪಾದ್ರೆ ಬೆಳೆಗೋ ದನಕ್ಕೋ ಮನುಷ್ಯರಿಗೋ ಪೆಟ್ಟು ಬೀಳೋ ಜಾಗದಲ್ಲಿ ಅಳೀಲೇಬೇಕು ಅಂದೆ. ಮಗಳು ಮೆತ್ತಗೆ, "ಅಲ್ಲೂ ಮೊದಲು ಅಂದಾಜು ಮಾಡ್ಬೇಕು ಅಪ್ಪ, ಆಗ ಅಳತೆ ತಪ್ಪಾದ್ರೆ ಗೊತ್ತಾಗುತ್ತೆ" ಅಂದ್ಳು. ತಕ್ಕಡಿ ಕಥೆ ಅವಳು ಮರೆತಿರ್ಲಿಲ್ಲ.

ಸಂಜೆ ಆ ಅಂಗಡಿಗೆ ಹೋದೆ. ಅವತ್ತು ತಪ್ಪು ನಂದೇ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ನಿದ್ದು, "ಅಳತೆ ಲೋಟ ಅವತ್ತೇ ಕವರಲ್ಲಿ ಹಾಕಿ ಕೊಟ್ಟಿದ್ದೆ ಅಣ್ಣ" ಅಂದ. ಮನೆಗೆ ಬಂದು ಹುಡುಕಿದೆ. ಅದೇ ಕವರಲ್ಲಿ, ಅಟ್ಟದ ಮೇಲೆ, ಹೊಸದರ ಹಾಗೇ ಇತ್ತು. ಈಗ ಸ್ಪ್ರೇಯರ್ ಬೆಲ್ಟಿಗೆ ದಾರ ಕಟ್ಟಿ ನೇತು ಹಾಕಿದ್ದೀನಿ.

ನೀವೂ ಒಂದು ಕೆಲಸ ಮಾಡಿ. ಇವತ್ತು ರಾತ್ರಿ ಮನೇಲಿರೋ ಮಕ್ಕಳಿಗೆ ಒಂದು ಚೊಂಬು ತೋರಿಸಿ, ಇದರಲ್ಲಿ ಎಷ್ಟು ನೀರು ಹಿಡಿಯುತ್ತೆ ಅಂತ ಕೇಳಿ. ನೀವೂ ಒಂದು ಅಂದಾಜು ಹೇಳಿ, ಆಮೇಲೆ ಅಳೆದು ನೋಡಿ. ಮಕ್ಕಳು ಗೆದ್ರೆ ಗದರಿಸಬೇಡಿ.