ಅರಿಶಿನದ ಕಾಗದದಲ್ಲಿ ಅಮ್ಮ

ಬಿಳಿ ಬಟ್ಟೆಗೆ ಅರಿಶಿನದ ಕಲೆ ಹತ್ತಿದ್ರೆ ಏನ್ ಮಾಡ್ತೀವಿ ಹೇಳಿ? ಸೋಪು ತಾಗಿದ ತಕ್ಷಣ ಅದು ಕೆಂಪಗೆ ತಿರುಗುತ್ತೆ, ಹೊಸಬರು ಗಾಬರಿ ಬೀಳ್ತಾರೆ. ನಮ್ಮಂಥೋರು ಸುಮ್ನೆ ಒಗೆದು ಮಹಡಿ ಮೇಲೆ ಬಿಸಿಲಿಗೆ ಹರವ್ತೀವಿ, ಸಾಯಂಕಾಲಕ್ಕೆ ಕಲೆ ಮಾಯ. ಇಷ್ಟು ಗೊತ್ತಿದ್ರೆ ಫೋಟೋ ಪ್ರಿಂಟ್ ಹಾಕೋದೂ ಅರ್ಧ ಗೊತ್ತಿದ್ದ ಹಾಗೇ ಅಂತ ನಂಗೆ ತಿಳಿದದ್ದು ಈ ಬೇಸಿಗೆಯಲ್ಲಿ.

ಮಗಳಿಗೆ ಈಗ ರೀಲ್ ಕ್ಯಾಮೆರಾ ಹುಚ್ಚು. ರೀಲು ತೊಳೆಯೋದೂ ಮನೇಲೇ. ಬಚ್ಚಲುಮನೆ ಕಿಟಕಿಗೆ ಕಪ್ಪು ಬಟ್ಟೆ, ಬಾಗಿಲ ಸಂದಿಗೆ ನನ್ನ ಹಳೇ ಸೀರೆ. ಕತ್ತಲಲ್ಲಿ ತಡವಿಕೊಂಡು ರೀಲನ್ನು ಡಬ್ಬಿಯೊಳಗಿನ ಸುರುಳಿಗೆ ಸುತ್ತಬೇಕು. ಮೊದಲನೇ ಸಲ ಇವ್ರು ಸ್ನಾನಕ್ಕೆ ಹೊತ್ತಾಯ್ತು ಅಂತ ಬಾಗಿಲು ತಳ್ಳಿದ್ರು, ರೀಲು ಪೂರ್ತಿ ಕಪ್ಪಗೆ ಬಂತು. ಎರಡು ದಿನ ಅಪ್ಪ ಮಗಳಿಗೆ ಮಾತಿಲ್ಲ.

ಅವಳ ಹುಚ್ಚು ನೋಡಿ ನಾನು ಅಟ್ಟದ ಟ್ರಂಕು ಇಳಿಸಿದೆ. ನಮ್ಮಪ್ಪನ ಹತ್ರ ಆಗ್ಫಾ ಕ್ಲಿಕ್ ತ್ರೀ ಇತ್ತು. ನಿಮ್ಮಲ್ಲೂ ಎಷ್ಟೋ ಮನೇಲಿ ಇದ್ದಿರುತ್ತೆ, ಒಂದು ರೀಲಿಗೆ ಹನ್ನೆರಡೇ ಫೋಟೋ. ಮನೆ ಪ್ಲಾನಿನ ಮಡಿಕೆಯೊಳಗೆ ಒಂದು ಲಕೋಟೆ, ಅದರಲ್ಲಿ ನೆಗೆಟಿವ್‌ಗಳು. ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ವು. ಬಿಡಿಸಿದಾಗ ಉಳಿದದ್ದು ಐದು. ಅದರಲ್ಲೊಂದು ಅಮ್ಮಂದು, ತುಳಸಿಕಟ್ಟೆ ಪಕ್ಕ ನಿಂತು ನಗ್ತಾ ಇರೋದು.

ಅಮ್ಮ ಹೋದಾಗ ನಂಗೆ ಎಂಟು ವರ್ಷ, ಅವಳಿಗೆ ಮೂವತ್ತೊಂದು. ಗೋಡೆ ಮೇಲಿರೋ ಫೋಟೋ ಸ್ಟುಡಿಯೋದವರು ಹುಬ್ಬು, ತುಟಿ ಎಲ್ಲ ತಿದ್ದಿದ್ದು. ನಗೋ ಅಮ್ಮ ನಮ್ಮನೇಲಿ ಇರಲೇ ಇಲ್ಲ. ಮೊಬೈಲಲ್ಲೇ ಉಲ್ಟಾ ಮಾಡಿ ತೋರಿಸ್ತೀನಿ ಅಂದ್ಲು ಮಗಳು. ಬೇಡ, ಕಾಗದದ ಮೇಲೇ ಬರಲಿ ಅಂದೆ.

ಅರಿಶಿನದಲ್ಲಿ ಮಾಡೋಣ ಅಂತ ಅವಳೇ ಹೇಳಿದ್ದು. ಗಿಡದ ಬಣ್ಣ ಬಿಸಿಲಿಗೆ ಹೇಗೆ ಮಾಸುತ್ತೆ ಅಂತ ಇಂಗ್ಲೆಂಡಿನ ಜಾನ್ ಹರ್ಷಲ್ 1842ರಲ್ಲೇ ಬರೆದಿದ್ದಾನೆ, ಮೇರಿ ಸಾಮರ್‌ವಿಲ್ ಅನ್ನೋ ಹೆಣ್ಣುಮಗಳೂ ಅದೇ ದಶಕದಲ್ಲಿ ಗಿಡಗಳ ರಸದ ಮೇಲೆ ಪ್ರಯೋಗ ಮಾಡಿದ್ಳು. ಬಟ್ಟೆ ಒಗೆಯೋ ಕಲ್ಲಿನ ಹತ್ರ ನಿಂತೋರು ಯಾರೂ ಬರೆದಿಡಲಿಲ್ಲ, ಅಷ್ಟೇ.

ಎರಡು ಚಮಚ ಅರಿಶಿನಪುಡಿಗೆ ಮೆಡಿಕಲ್ ಶಾಪಿನ ಸ್ಪಿರಿಟ್ ಹಾಕಿ ಕಲಸಿ, ಬಟ್ಟೇಲಿ ಸೋಸಬೇಕು. ಬರೀ ನೀರಿಗೆ ಬಣ್ಣ ಸರಿಯಾಗಿ ಬಿಡಲ್ಲ. ಒಲೆ, ದೀಪ ಹತ್ರ ಇರಬಾರದು, ನೆನಪಿರಲಿ. ದಪ್ಪ ಡ್ರಾಯಿಂಗ್ ಹಾಳೆಗೆ ಬಳಿದು ಕತ್ತಲಲ್ಲಿ ಒಣಗಿಸಿ, ಮೇಲೆ ನೆಗೆಟಿವ್, ಅದರ ಮೇಲೆ ಗಾಜು, ಸುತ್ತ ಬಟ್ಟೆ ಕ್ಲಿಪ್ಪು. ಬೆಳಿಗ್ಗೆ ಹತ್ತರಿಂದ ಮೂರರ ತನಕ ಮಹಡಿ ಬಿಸಿಲಲ್ಲಿಟ್ವಿ. ಬೆಳಕು ಬಿದ್ದ ಕಡೆ ಬಣ್ಣ ಹೋಗುತ್ತೆ, ಬೀಳದ ಕಡೆ ಉಳಿಯುತ್ತೆ. ಆಮೇಲೆ ಅಡುಗೆ ಸೋಡಾ ನೀರಲ್ಲಿ ಅದ್ದಿದ್ರೆ ಉಳಿದ ಹಳದಿ ಕೆಂಪಗಾಗುತ್ತೆ. ಆರತಿ ನೀರಿಗೆ ಸುಣ್ಣ ಹಾಕಿದಾಗ ಆಗೋದೂ ಇದೇ.

ಸೋಡಾ ನೀರಲ್ಲಿ ಚಿತ್ರ ಎದ್ದು ಬಂತು. ಮಗಳು "ಅಯ್ಯೋ, ತಪ್ಪಾಯ್ತಮ್ಮಾ!" ಅಂದ್ಲು. ಅರಿಶಿನದ ಕಾಗದಕ್ಕೆ ನೆಗೆಟಿವ್ ಇಡೋ ಹಾಗಿಲ್ಲವಂತೆ, ಕಪ್ಪು ಬಿಳಿ ಅದಲು ಬದಲಾಗೇ ಬರುತ್ತೆ. ಮುಖ ಕೆಂಪಗೆ, ಗಾಢವಾಗಿ. ತಲೆಕೂದಲು ಪೂರ್ತಿ ಬೆಳ್ಳಗೆ.

ನಾನು ಅಲ್ಲೇ ನೀರಿನ ಟ್ಯಾಂಕಿನ ಪಕ್ಕ ಕೂತುಬಿಟ್ಟೆ. ಅಮ್ಮನ ಕೂದಲು ಹಣ್ಣಾಗಿತ್ತು ಕಣ್ರೇ. ಅವಳಿಗಿಂತ ದೊಡ್ಡೋಳಾಗಿ ಇಪ್ಪತ್ತು ವರ್ಷದ ಮೇಲಾಯ್ತು ನಾನು. ನನ್ನ ತಲೆಗೆ ಬಣ್ಣ ಹಚ್ಕೊಳ್ಳುವಾಗೆಲ್ಲ ಅವಳದು ಹೇಗೆ ಬೆಳ್ಳಗಾಗ್ತಿತ್ತೋ ಅಂತ ಅಂದ್ಕೊಂಡಿದ್ದೀನಿ.

ಭಾನುವಾರ ವಿಜಯನಗರದ ಚಿಕ್ಕಮ್ಮ ಬಂದಿದ್ರು. ಕನ್ನಡಕ ಹಾಕ್ಕೊಂಡು ಬಹಳ ಹೊತ್ತು ನೋಡಿದ್ರು. "ನಮ್ಮಮ್ಮನ ಥರಾನೇ ಆಗಿದ್ದಾಳೆ ಕಣೇ ಅಕ್ಕ" ಅಂದ್ರು. ಆಗಿದ್ದಾಳೆ ಅಂತಲೇ ಅಂದಿದ್ದು, ಆಗ್ತಿದ್ಳು ಅಂತಲ್ಲ.

ಮಗಳು ಬಿಡಲಿಲ್ಲ, ಸರಿಯಾದ್ದೂ ಮಾಡಿದ್ಳು. ಕಬ್ಬಿಣ ಇರೋ ಎರಡು ಉಪ್ಪನ್ನು ನೀರಲ್ಲಿ ಕರಗಿಸಿ ಬಳಿದ್ರೆ ಬಿಸಿಲಿಗೆ ನೀಲಿ ಬರುತ್ತೆ, ತೊಳೆಯೋಕೆ ಬರೀ ನೀರು ಸಾಕು. ಸಯನೋಟೈಪ್ ಅಂತಾರೆ, ಅದೂ ಹರ್ಷಲ್ 1842ರಲ್ಲಿ ಕಂಡುಹಿಡಿದದ್ದೇ. ನಮ್ಮಪ್ಪ ಮನೆ ಪ್ಲಾನಿಗೆ ಬ್ಲೂ ಪ್ರಿಂಟ್ ಅಂತಿದ್ರಲ್ಲ, ಆ ಹೆಸರು ಬಂದಿದ್ದು ಇದರಿಂದ. ಇದಕ್ಕೆ ನೆಗೆಟಿವ್ವೇ ಬೇಕು. ಅಂಗೈಯಲ್ಲಿ ಕೂರೋಷ್ಟು ಚೌಕದಲ್ಲಿ ಅಮ್ಮ ನೀಲಿ ಕೂದಲು ಹೆಣೆದುಕೊಂಡು ನಗ್ತಾ ಬಂದ್ಳು. ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ಹಾಕಿದ್ದೀವಿ.

ಅರಿಶಿನದ್ದು ಬೀರುವಿನಲ್ಲಿ, ರೇಷ್ಮೆ ಸೀರೆ ಮಡಿಕೆಯೊಳಗಿದೆ. ಅದನ್ನ ಮಾಸದ ಹಾಗೆ ನಿಲ್ಲಿಸೋಕೆ ಆಗಲ್ಲ, ಬೆಳಕು ಕಂಡಷ್ಟೂ ಹೋಗುತ್ತೆ. ನೋಡಬೇಕು ಅನ್ನೋರು ಬನ್ನಿ, ಆದ್ರೆ ಮಧ್ಯಾಹ್ನ ಬೇಡ. ದೀಪ ಹಚ್ಚೋ ಹೊತ್ತಿಗೆ ಬನ್ನಿ, ಕಾಫಿ ಕುಡಿದು ಒಂದು ನಿಮಿಷ ನೋಡಿ ಒಳಗಿಡೋಣ.