ಉತ್ತರದೊಳಗೆ ಉಳಿದ ಪತ್ರಗಳು

ಮಲೆನಾಡಿನವರಿಗೆ ವಸ್ತುಗಳನ್ನು ಕಾಪಾಡುವುದು ಹೊಸ ವಿದ್ಯೆಯೇನಲ್ಲ. ಮಳೆ ಹಿಂದೆಗೆದು ಬಿಸಿಲು ಬಿದ್ದೊಡನೆ ಕಳಸ, ಹೊರನಾಡು, ಸಂಸೆಯ ಕಡೆಯ ಮನೆಗಳಲ್ಲಿ ಹಾಸಿಗೆ, ಕಂಬಳಿ, ರೇಷ್ಮೆ ಸೀರೆ, ಹಳೆಯ ಪುಸ್ತಕಗಳೆಲ್ಲ ಅಂಗಳಕ್ಕೆ ಬರುತ್ತವೆ. ನಾಲ್ಕು ತಿಂಗಳ ಮಳೆಯಲ್ಲಿ ಬೂಷ್ಟು ಹಿಡಿಯದ ವಸ್ತುವೇ ಇಲ್ಲ. ಕಾಗದಗಳನ್ನಂತೂ ಹಿರಿಯರು ಕೊಕ್ಕೆಯ ತಂತಿಗೆ ಪೋಣಿಸಿ ಅಡುಗೆಮನೆಯ ಹೊಗೆ ತಾಗುವಲ್ಲಿ ತೂಗುಹಾಕುತ್ತಿದ್ದರು. ಮಸಿ ಹಿಡಿದರೂ ಚಿಂತೆಯಿಲ್ಲ, ಅಕ್ಷರ ಉಳಿಯುತ್ತಿತ್ತು. ಆದರೆ ಗಣಕಯಂತ್ರದೊಳಗಿನ ಪತ್ರಕ್ಕೆ ಬಿಸಿಲು ತೋರಿಸುವುದು ಹೇಗೆ? ಕಳೆದ ವರ್ಷ ಈ ಪ್ರಶ್ನೆಗೆ ಉತ್ತರ ಹುಡುಕುವ ಸಂದರ್ಭ ನನಗೆ ಒದಗಿತು. ಅದರಲ್ಲಿ ಕಲಿತದ್ದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿದೆ.

ನಾನು ನಿವೃತ್ತನಾದ 2004ರಲ್ಲಿ ನಮ್ಮ ಮನೆಗೆ ಗಣಕಯಂತ್ರ ಬಂದಿತು. ಮಗಳು ಆಗಲೇ ಅಮೆರಿಕದಲ್ಲಿದ್ದಳು. ಅಂಚೆಯ ಕಾಗದ ಎರಡು ವಾರ ತೆಗೆದುಕೊಳ್ಳುತ್ತಿದ್ದ ದಾರಿಯನ್ನು ಮಿಂಚಂಚೆ ಕ್ಷಣದಲ್ಲಿ ಕ್ರಮಿಸುವುದನ್ನು ಕಂಡು ನನ್ನ ಪತ್ನಿ ಅರವತ್ತರ ಹತ್ತಿರದ ವಯಸ್ಸಿನಲ್ಲಿ 'ನುಡಿ'ಯ ಕೀಲಿಮಣೆ ಕಲಿತಳು. ಮೊದಲು ಒಂದು ಸಾಲು, ಆಮೇಲೆ ಒಂದು ಪುಟ. ಕೊನೆಕೊನೆಗೆ ವಾರಕ್ಕೆರಡು ಪತ್ರ. 2012ರಲ್ಲಿ ಆಕೆ ತೀರಿಕೊಳ್ಳುವವರೆಗೂ ಈ ಅಭ್ಯಾಸ ನಡೆದಿತ್ತು.

ಆ ದಿನಗಳ ಅಂಚೆಯ ಕ್ರಮವನ್ನು ಇಂದಿನ ಕಿರಿಯರಿಗೆ ಸ್ವಲ್ಪ ವಿವರಿಸಬೇಕು. ದೂರದ ಸರ್ವರಿನಲ್ಲಿ ನಮಗೆ ದೊರೆಯುತ್ತಿದ್ದ ಜಾಗ ಬಹಳ ಕಿರಿದು. 2004ರ ಏಪ್ರಿಲ್‌ನಲ್ಲಿ ಜಿಮೇಲ್ 1 ಜಿಬಿ ಜಾಗ ಕೊಡುವುದಾಗಿ ಸಾರಿದಾಗ ಹಾಟ್‌ಮೇಲ್‌ನವರು ಉಚಿತವಾಗಿ ಕೊಡುತ್ತಿದ್ದದ್ದು 2 ಎಂಬಿ, ಯಾಹೂದವರು 4 ಎಂಬಿ. ಹೀಗಾಗಿ 'ಪಾಪ್' ಎಂಬ ಪದ್ಧತಿಯಲ್ಲಿ ಪತ್ರಗಳನ್ನು ಮನೆಯ ಯಂತ್ರಕ್ಕೆ ಇಳಿಸಿಕೊಂಡು ಸರ್ವರಿನಲ್ಲಿ ಅಳಿಸುವುದು ರೂಢಿಯಾಗಿತ್ತು. ಊರಿನ ಅಂಚೆ ಕಚೇರಿಯಿಂದ ಕಾಗದ ಮನೆಗೆ ತಂದ ಹಾಗೆಯೇ. ತಂದ ಮೇಲೆ ಅಂಚೆಯವರಲ್ಲಿ ಅದರ ನಕಲು ಇರುವುದಿಲ್ಲ.

2013ರ ಏಪ್ರಿಲ್‌ನ ಒಂದು ಸಂಜೆ, ಕಾಫಿಗೆ ಹೂಮಳೆ ಬೀಳುವ ಕಾಲದ ಗುಡುಗು ಸಿಡಿಲಿನಲ್ಲಿ ವಿದ್ಯುತ್ತು ನಿಂತುಹೋಯಿತು. ಆ ಹೊತ್ತಿಗೆ ಅಂಚೆಯ ತಂತ್ರಾಂಶ ತನ್ನಷ್ಟಕ್ಕೆ ತಾನೇ ಕಡತವನ್ನು ಅಡಕಗೊಳಿಸುವ ಕೆಲಸದಲ್ಲಿತ್ತು. ಮರುದಿನ ಯಂತ್ರ ಎದ್ದಿತು, ಆದರೆ ಒಳಬಂದ ಪತ್ರಗಳ ಪೆಟ್ಟಿಗೆ ಬರಿದಾಗಿತ್ತು. ಕಳುಹಿಸಿದ ಪತ್ರಗಳ ಕಡತದ ಗಾತ್ರ ಸೊನ್ನೆಯೆಂದು ತೋರಿಸಿತು. 2008ರಲ್ಲಿ ತೆಗೆದಿಟ್ಟಿದ್ದ ಸಿಡಿಯ ಮೇಲೆ ಬೂಷ್ಟಿನ ಚಿತ್ತಾರ ಮೂಡಿತ್ತು. ಪೇಟೆಯಲ್ಲಿ ತೋರಿಸಿದಾಗ "ಹೋಯಿತು, ಬಿಟ್ಟುಬಿಡಿ" ಎಂಬ ಮಾತು ದೊರೆಯಿತು. ಪತ್ನಿಯನ್ನು ಕಳೆದುಕೊಂಡ ಮರುವರ್ಷವೇ ಆಕೆಯ ಅಕ್ಷರಗಳೂ ಹೋದವೆಂದು ತಿಳಿದು, ಆ ಪೆಟ್ಟಿಗೆಗೆ ಬಟ್ಟೆ ಹೊದಿಸಿ ಇಟ್ಟೆ.

ಹತ್ತು ವರ್ಷ ಕಳೆದ ಮೇಲೆ ಅದಕ್ಕೆ ಜೀವ ಕೊಟ್ಟದ್ದು ಒಂದು ಉಪ್ಪಿನಕಾಯಿ. ಮಗಳಿಗೆ ಅಮ್ಮನ ಕೈಯ ಅಪ್ಪೆಮಿಡಿಯ ಹದ ಬೇಕಾಗಿತ್ತು. "ಅಮ್ಮ ಬರೆದು ಕಳಿಸಿದ್ದರು, ಅಪ್ಪಯ್ಯ. ನನ್ನ ಹಳೆಯ ಕಂಪನಿ ಬಿಟ್ಟಾಗ ಅಲ್ಲಿನ ಮೇಲ್ ಪೆಟ್ಟಿಗೆಯೂ ಮುಚ್ಚಿತು. ನಿಮ್ಮ ಯಂತ್ರದಲ್ಲಿ ಏನಾದರೂ ಉಳಿದಿರಬಹುದೇ?" ಎಂದು ಕೇಳಿದಳು. ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸದಲ್ಲಿರುವ, ತನ್ನ ಹೆಸರು ಬರೆಯಕೂಡದೆಂದು ನನಗೇ ಆಜ್ಞೆ ಮಾಡಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಕಳಸದ ಜಾತ್ರೆಗೆಂದು ಊರಿಗೆ ಬಂದವನು ಆ ಪೆಟ್ಟಿಗೆಯ ಬಟ್ಟೆ ತೆಗೆದ.

ಅವನ ಮೊದಲ ಮಾತು ಇದು: "ಸಾರ್, ಮೊದಲು ಡಿಸ್ಕಿನ ಪೂರ್ತಿ ನಕಲು ತೆಗೆಯೋಣ. ಏನೇ ಪ್ರಯತ್ನವಿದ್ದರೂ ನಕಲಿನ ಮೇಲೆ. ಮೂಲವನ್ನು ಮುಟ್ಟುವುದು ಬೇಡ." ಹಳಗನ್ನಡದ ಹಸ್ತಪ್ರತಿಗಳನ್ನು ಸಂಪಾದಿಸುವವರ ವಿವೇಕವೂ ಇದೇ ಅಲ್ಲವೇ? ಆಮೇಲೆ ಅವನು ಕಡತವನ್ನು ಅಂಚೆಯ ತಂತ್ರಾಂಶದಲ್ಲಿ ತೆರೆಯದೆ ಸಾಮಾನ್ಯ ಬರಹದ ಕಡತದಂತೆ ತೆರೆದು ತೋರಿಸಿದ. ನನಗೆ ಆಶ್ಚರ್ಯವೋ ಆಶ್ಚರ್ಯ. ಪತ್ರಗಳು ಅಲ್ಲಿಯೇ ಇದ್ದವು!

ಥಂಡರ್‌ಬರ್ಡ್‌ನಂಥ ತಂತ್ರಾಂಶಗಳು ಬಹುಕಾಲದಿಂದ ಬಳಸುತ್ತಿರುವ 'ಎಂಬಾಕ್ಸ್' ಎಂಬ ಕಡತದ ರಚನೆ ಬಹಳ ಸರಳವಾದದ್ದು. ಎಲ್ಲ ಪತ್ರಗಳನ್ನೂ ಒಂದರ ಕೆಳಗೊಂದು ಒಂದೇ ಉದ್ದನೆಯ ಕಾಗದದ ಸುರುಳಿಯಲ್ಲಿ ಬರೆದಂತೆ. ಪ್ರತಿ ಪತ್ರವೂ ಇಂಗ್ಲಿಷಿನ 'ಫ್ರಮ್' ಎಂಬ ಪದ ಮತ್ತು ಒಂದು ತೆರಪಿನಿಂದ ಆರಂಭವಾಗುವ ಸಾಲಿನಿಂದ ತೊಡಗುತ್ತದೆ. ಅದರಡಿ ಯಾರಿಂದ, ಯಾರಿಗೆ, ವಿಷಯ, ದಿನಾಂಕ, ಒಂದು ಖಾಲಿ ಸಾಲು, ಅನಂತರ ಒಕ್ಕಣೆ. ಪರದೆಯ ಮೇಲೆ ನಾವು ಕಾಣುವ ಪಟ್ಟಿ ಪ್ರತ್ಯೇಕವಾದ ಸೂಚಿ ಕಡತದ್ದು. ಹಾಜರಿ ಪುಸ್ತಕ ಹರಿದುಹೋದ ಮಾತ್ರಕ್ಕೆ ತರಗತಿಯಲ್ಲಿ ಮಕ್ಕಳಿಲ್ಲವೆಂದು ಹೇಳಲಾದೀತೇ? ಸೂಚಿಯೊಂದೇ ಕೆಟ್ಟಿದ್ದರೆ ಅದನ್ನು ತೆಗೆದುಹಾಕಿದರೆ ಸಾಕು, ತಂತ್ರಾಂಶವೇ ಹೊಸದನ್ನು ಕಟ್ಟಿಕೊಳ್ಳುತ್ತದೆ.

ನಮ್ಮಲ್ಲಿ ಕೆಟ್ಟಿದ್ದು ಅಷ್ಟೇ ಆಗಿರಲಿಲ್ಲ. ಇಂಥ ಕಡತದಲ್ಲಿ ಪತ್ರವೊಂದನ್ನು ಅಳಿಸಿದರೆ ಅದು ಕೂಡಲೇ ಹೋಗುವುದಿಲ್ಲ. 'ಅಳಿಸಿದ್ದು' ಎಂಬ ಗುರುತು ಮಾತ್ರ ಬೀಳುತ್ತದೆ. ಅಂಥವು ಬಹಳವಾದಾಗ, ಉಳಿದ ಪತ್ರಗಳನ್ನಷ್ಟೇ ಹೊಸ ಕಡತಕ್ಕೆ ನಕಲಿಸಿ ಹಳೆಯದನ್ನು ತೆಗೆಯುವುದೇ ಅಡಕಗೊಳಿಸುವ ಕ್ರಮ. ಆ ಕೆಲಸದ ನಡುವೆ ವಿದ್ಯುತ್ತು ಹೋದದ್ದರಿಂದ, ಒಂದು ಹಳೆಯ ಕಡತ ಮತ್ತು ಅರ್ಧ ಬರೆದ ಒಂದು ಹೊಸ ಕಡತ ಉಳಿದಿದ್ದವು. ಹಳೆಯದರ ನಡುವೆ ಬಹಳ ದೂರ ಬರೀ ಸೊನ್ನೆಗಳು. ತಂತ್ರಾಂಶ ಆ ಸೊನ್ನೆಗಳ ಕಂದಕದ ದಡದಲ್ಲೇ ನಿಂತುಬಿಡುತ್ತಿತ್ತು. ನಮ್ಮ ವಿದ್ಯಾರ್ಥಿ ಒಂದು ಪುಟ್ಟ ಕ್ರಮವಿಧಿ ಬರೆದು, ಎರಡೂ ಕಡತಗಳನ್ನು 'ಫ್ರಮ್' ಸಾಲುಗಳಲ್ಲಿ ಕತ್ತರಿಸಿ, ಪತ್ರಗಳನ್ನು ಬಿಡಿಬಿಡಿಯಾಗಿಸಿದ. ಪ್ರತಿ ಪತ್ರದ ತಲೆಯಲ್ಲಿ ಅದಕ್ಕೆಂದೇ ಮೀಸಲಾದ ಒಂದು ಗುರುತಿನ ಸಂಖ್ಯೆ ಇರುತ್ತದೆ. ಎರಡು ಸಲ ಬಂದವುಗಳನ್ನು ಅದರ ನೆರವಿನಿಂದ ಒಂದಾಗಿಸಿದ. ಸೊನ್ನೆಗಳ ಅಂಚಿನಲ್ಲಿದ್ದ ಪತ್ರಗಳು ಅರ್ಧಕ್ಕೇ ನಿಂತವು. ಒಂದು ಭಾವಚಿತ್ರದಲ್ಲಿ ಮಾಡಿನ ಹೆಂಚು, ಅದರ ಮೇಲಿನ ಆಕಾಶ ಬಂದವು. ಅಂಗಳದಲ್ಲಿ ನಿಂತಿದ್ದವರು ಬರಲಿಲ್ಲ.

ಕಳುಹಿಸಿದ ಪತ್ರಗಳ ಕಡತ ಮಾತ್ರ ಕೊನೆಗೂ ದಕ್ಕಲಿಲ್ಲ. ಎಂದರೆ ನನ್ನ ಪತ್ನಿ ಬರೆದ ಒಂದು ಪತ್ರವೂ ಇಲ್ಲ. ಆಕೆಗೆ ಮಗಳು ಬರೆದವು ಮಾತ್ರ ಇವೆ. ಇದನ್ನು ಕೇಳಿ ನಾನು ಸುಮ್ಮನಾದೆ. ಆಗ ಅವನು ಮಗಳ ಒಂದು ಪತ್ರದ ತಲೆಯ ಸಾಲುಗಳನ್ನು ಮಾತ್ರ ತೋರಿಸಿ, "ಸಾರ್, ಇದು ಉತ್ತರ. ಯಾವ ಪತ್ರಕ್ಕೆ ಉತ್ತರವೋ ಅದರ ಗುರುತಿನ ಸಂಖ್ಯೆ ಇಲ್ಲಿದೆ. ಕೆಳಗೆ ಅಮ್ಮನ ಪತ್ರವೂ ಇರಬೇಕು" ಎಂದ. ಹಿಂದೆ ಉತ್ತರ ಬರೆಯುವಾಗ ಮೂಲ ಪತ್ರ ತಾನಾಗಿ ಕೆಳಗೆ ಸೇರಿಕೊಳ್ಳುತ್ತಿದ್ದದ್ದು, ಪ್ರತಿ ಸಾಲಿನ ಮೊದಲು ಬಾಣದ ತಲೆಯಂಥ ಒಂದು ಗುರುತು ಬೀಳುತ್ತಿದ್ದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮಗಳು ಅದನ್ನು ಎಂದೂ ಅಳಿಸಿರಲಿಲ್ಲ. ಕಳೆದುಹೋದ ಪತ್ರಗಳು ಎಷ್ಟೆಂಬ ಲೆಕ್ಕವನ್ನೂ ಅವುಗಳ ಒಕ್ಕಣೆಯನ್ನೂ ಉತ್ತರಗಳೇ ಇಟ್ಟುಕೊಂಡಿದ್ದವು. ಉತ್ತರ ಬಾರದ ಪತ್ರಗಳಷ್ಟೇ ಹೋದವು.

ಇಲ್ಲಿ ಇನ್ನೊಂದು ತೊಡಕು ಎದುರಾಯಿತು. ಅದು ಕನ್ನಡದ್ದೇ ತೊಡಕು. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿದ್ದರೂ, 2001ರ ವಿಂಡೋಸ್ ಎಕ್ಸ್‌ಪಿಯ ನಂತರವೂ ಬಹುಕಾಲ ನಾವೆಲ್ಲ ಬಳಸುತ್ತಿದ್ದದ್ದು ಹಳೆಯ ಫಾಂಟುಗಳನ್ನೇ. ಅವುಗಳಲ್ಲಿ ಕಡತದೊಳಗೆ ಇರುತ್ತಿದ್ದದ್ದು ಕನ್ನಡವಲ್ಲ, ಇಂಗ್ಲಿಷ್ ಮೊದಲಾದ ಯೂರೋಪಿನ ಭಾಷೆಗಳ ಅಕ್ಷರಗಳು. 'ನುಡಿ'ಯ 'ಕ' ಎಂದರೆ ಕಡತದಲ್ಲಿ ಇಂಗ್ಲಿಷಿನ 'ಪಿ', ಅದರ ಪಕ್ಕದಲ್ಲಿ ನೆತ್ತಿಯ ಮೇಲೆ ಓರೆಗೆರೆ ಹೊತ್ತ 'ಎ'. ಮೊದಲನೆಯದು ಕಕಾರದ ಒಡಲು, ಎರಡನೆಯದು ತಲೆಕಟ್ಟು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಅಷ್ಟೊಂದು ಹಟ ಹಿಡಿದದ್ದು ಏಕೆಂದು ನನಗೆ ಪೂರ್ತಿಯಾಗಿ ಅರ್ಥವಾದದ್ದು ಈ ಸಾಲುಗಳನ್ನು ಕಂಡಾಗ.

ಸರಿಯಾಗಿ ಉಳಿದಿದ್ದವನ್ನು ಪರಿವರ್ತಕವೊಂದು ಕ್ಷಣಾರ್ಧದಲ್ಲಿ ಯುನಿಕೋಡ್‌ಗೆ ತಿರುಗಿಸಿತು. ಆದರೆ ಮಗಳ ಕಚೇರಿಯ ಯಂತ್ರದ ಮೂಲಕ ಹೊರಟ ಕೆಲವು ಉತ್ತರಗಳಲ್ಲಿ, ಬರೀ ಇಂಗ್ಲಿಷ್ ಅಕ್ಷರಗಳನ್ನುಳಿದು ಮಿಕ್ಕೆಲ್ಲವೂ ಪ್ರಶ್ನಾರ್ಥಕ ಚಿಹ್ನೆಗಳಾಗಿದ್ದವು. ಕ, ಗ, ತ, ದ, ರ ಮೊದಲಾದವುಗಳ ಒಡಲು ಉಳಿದಿತ್ತು. ನ, ಪ, ವ, ಸ, ಹ ಹೋಗಿದ್ದವು. ತಲೆಕಟ್ಟುಗಳೂ ಹೆಚ್ಚಿನ ಗುಣಿತಚಿಹ್ನೆಗಳೂ ಹೋಗಿದ್ದವು. ಅಪ್ಪೆಮಿಡಿಯ ಪತ್ರ ಸಿಕ್ಕಿದ್ದು ಇಂಥವುಗಳ ನಡುವೆಯೇ.

ಹಾಗಾಗಿ ಈ ಪ್ರಾಯದಲ್ಲಿ ನಾನು ಮತ್ತೆ 'ಬಿಟ್ಟ ಸ್ಥಳ ತುಂಬಿರಿ' ಬಿಡಿಸಲು ಕುಳಿತೆ. ಭಾನುವಾರಗಳಂದು ದೂರವಾಣಿಯ ಆ ಕಡೆ ಮಗಳು, ಈ ಕಡೆ ನಾನು. ಒಂದು ಉಕಾರ, ಅದರ ಹಿಂದೆ ನಾಲ್ಕು ಪ್ರಶ್ನಾರ್ಥಕ ಚಿಹ್ನೆ: 'ಉಪ್ಪು'. ಒಂದು ಅಕ್ಷರವೂ ಉಳಿಯದ ಐದು ಚಿಹ್ನೆಗಳು ಎಷ್ಟೋ ಹೊತ್ತು ಕಾಡಿದವು. ಮಿಡಿಯನ್ನು ಉಪ್ಪಿನಲ್ಲಿ ಹಾಕಿ, ಅದು ಸುಕ್ಕಿದ ಮೇಲೆ ಅರೆದು ಬೆರೆಸುವುದು ಯಾವುದನ್ನು ಎಂದು ಯೋಚಿಸಿದಾಗ 'ಸಾಸಿವೆ' ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು. ಎಣಿಸಿದರೆ ಐದು ಚಿಹ್ನೆಗೂ ಲೆಕ್ಕ ಸರಿಹೋಯಿತು. ಅಂಕೆಗಳಿಗೆ ಮಾತ್ರ ಯಾವ ಅಪಾಯವೂ ಆಗಿರಲಿಲ್ಲ. ಸೇರು, ಪಾವುಗಳ ಲೆಕ್ಕ ಬಿಟ್ಟು ಮಗಳಿಗಾಗಿ ಗ್ರಾಮಿನಲ್ಲಿ ಬರೆದಿದ್ದಳು ಆಕೆ.

ಈ ಕೆಲಸಕ್ಕೆ ತೊಡಗುವ ಮೊದಲೇ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆಯಿತ್ತು. ಯಂತ್ರ ನಮ್ಮಿಬ್ಬರದು, ವಿಳಾಸವೂ ಒಂದೇ. ಆದರೆ ಈ ಪತ್ರಗಳು ಯಾರವು? ವಿದ್ಯಾರ್ಥಿನಿಲಯದ ಮೇಲ್ವಿಚಾರಣೆ ನನ್ನಲ್ಲಿದ್ದಾಗ, ನಿಮ್ಮ ಹೆಸರಿಗೆ ಬಂದ ಕಾಗದಗಳನ್ನು ಒಡೆಯದೆಯೇ ಕೊಡುತ್ತಿದ್ದದ್ದು ನಿಮಗೆ ತಿಳಿದಿದೆ. ಅದೇ ನಿಯಮವನ್ನು ಇಲ್ಲಿಯೂ ಪಾಲಿಸಿದೆ. ಅಮ್ಮ ಮಗಳ ಪತ್ರಗಳನ್ನು ಕ್ರಮವಿಧಿಯೇ ತಲೆಬರಹ ನೋಡಿ ಬೇರ್ಪಡಿಸಿತು. ಅವನ್ನು ಓದದೆ ಮಗಳಿಗೆ ಕಳುಹಿಸಿದೆ. ಅವಳು ಯಾವುದನ್ನು ಓದಿ ಹೇಳಿದಳೋ ಅದನ್ನು ಕೇಳಿದೆ. ಒಂದು ಭಾನುವಾರ, 2011ರ ಒಂದು ಪತ್ರವನ್ನು ತೆರೆದವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇದು ನಿಮಗಲ್ಲ, ಅಪ್ಪಯ್ಯ" ಎಂದಳು. "ಸರಿ, ಮುಂದಿನದು ತೆಗೆ" ಎಂದೆ. ಆಕೆಯ ಕಾಯಿಲೆ ನನಗೆ ತಿಳಿಯುವ ಮೊದಲೇ ಮಗಳಿಗೆ ತಿಳಿದಿತ್ತೇ ಎಂಬ ಪ್ರಶ್ನೆ ನಾಲಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ, ಇನ್ನು ಕೇಳುವುದೂ ಇಲ್ಲ. ತಾಯಿ ಮಗಳಿಗೆ ಬರೆದದ್ದು ಮಗಳಲ್ಲಿಗೆ ತಲುಪಿದೆ. ಅಷ್ಟು ಸಾಕು.

ನಿಮಗೆ ಹೇಳಬೇಕೆಂದಿರುವ ಮಾತು ಇಷ್ಟೇ. ಕಡತ ಕೆಟ್ಟಿತೆಂದು ಯಾರಾದರೂ ಹೇಳಿದರೆ, ಕೆಟ್ಟಿದ್ದು ಪತ್ರವೋ ಹಾಜರಿ ಪುಸ್ತಕವೋ ಎಂದು ಮೊದಲು ವಿಚಾರಿಸಿ. ಮೂಲವನ್ನು ಮುಟ್ಟದೆ ನಕಲಿನ ಮೇಲೆ ಪ್ರಯತ್ನಿಸಿ. ಹಳೆಯ ಫಾಂಟಿನ ಬರಹಗಳಿದ್ದರೆ ಪರಿವರ್ತಕಗಳು ಸಿಗುವ ಕಾಲದಲ್ಲೇ ಯುನಿಕೋಡ್‌ಗೆ ತಿರುಗಿಸಿಡಿ. ಈಗೆಲ್ಲ ಮೋಡದಲ್ಲಿ ಇರುತ್ತದೆಂಬ ಧೈರ್ಯ ಪೂರ್ತಿ ಸಲ್ಲದು. 2011ರ ಫೆಬ್ರವರಿಯಲ್ಲಿ ತಂತ್ರಾಂಶದ ದೋಷದಿಂದ ಜಿಮೇಲ್‌ನ ಶೇಕಡಾ 0.02ರಷ್ಟು ಬಳಕೆದಾರರ ಪೆಟ್ಟಿಗೆಗಳು ಬರಿದಾದಾಗ, ಗೂಗಲ್‌ನವರು ಪತ್ರಗಳನ್ನು ಮರಳಿ ತಂದದ್ದು ಬೇರೆಡೆ ಇರಿಸಿದ್ದ ಟೇಪುಗಳಿಂದ. ಅಷ್ಟು ದೊಡ್ಡವರೂ ಇನ್ನೊಂದು ಪ್ರತಿಯನ್ನು ಇನ್ನೊಂದು ಬಗೆಯ ಪೆಟ್ಟಿಗೆಯಲ್ಲಿ ಇಡುತ್ತಾರೆ. ಕೆಲಸ ಬದಲಿಸುವವರು ಕಚೇರಿಯ ವಿಳಾಸ ಮುಚ್ಚುವ ಮೊದಲು, ಅಲ್ಲಿಗೆ ಬಂದ ಮನೆಯ ಪತ್ರಗಳನ್ನು ಬೇರೆಡೆಗೆ ಸಾಗಿಸಿಕೊಳ್ಳಿ.

ಇನ್ನೊಂದು ಕೋರಿಕೆ. ನಮ್ಮ ಮನೆಯ ಅಡುಗೆಮನೆಯಲ್ಲಿ ಉಂಡು ಬೆಳೆದ ನಿಮ್ಮಲ್ಲಿ ಕೆಲವರಿಗೂ ಆಕೆ ಆ ವರ್ಷಗಳಲ್ಲಿ ಪತ್ರ ಬರೆದಿದ್ದಳು. ಅವು ನಿಮ್ಮ ಹಳೆಯ ಪೆಟ್ಟಿಗೆಗಳಲ್ಲಿ ಇದ್ದರೂ ಇರಬಹುದು. ನನಗೆ ಕಳುಹಿಸಬೇಕಿಲ್ಲ, ಅವು ನಿಮ್ಮವು. ಬಿಡುವಾದಾಗ ಒಮ್ಮೆ ತೆರೆದು ನೋಡಿ, ಒಂದು ಪ್ರತಿ ತೆಗೆದು ಜೋಪಾನವಾಗಿ ಇಟ್ಟುಕೊಳ್ಳಿ.