ದೋಟಿಯ ಮೈಗವಚ

ಕಿಗ್ಗದ ಋಷ್ಯಶೃಂಗೇಶ್ವರನಲ್ಲಿ ಮಳೆಯನ್ನು ಬೇಡಿಕೊಳ್ಳುವ ನಾಡಿನಲ್ಲಿಯೇ, ಆಷಾಢದ ಧಾರೆ ಬಿಡದೆ ಸುರಿಯತೊಡಗಿತೆಂದರೆ, ಸಿರಿಮನೆ ಜಲಪಾತದ ಆಸುಪಾಸಿನ ಅಡಕೆ ಬೆಳೆಗಾರರ ಮನದಲ್ಲಿ ಕೊಳೆರೋಗದ ಭೀತಿ ತಲೆದೋರುತ್ತದೆ. ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣವು ಈ ರೋಗಕ್ಕೆ ತಕ್ಕ ಔಷಧವೆಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ನರು 1910ರ ಸುಮಾರಿಗೆ ತೋರಿಸಿಕೊಟ್ಟ ಮೇಲೂ, ಅದನ್ನು ಗೊನೆಗೆ ಮುಟ್ಟಿಸುವ ಭಾರವೆಲ್ಲ ಮರವೇರುವ ಕೊನೆಗಾರನ ಮೇಲೆಯೇ ಉಳಿದಿತ್ತು. ಕೆಳಗೆ ಆಳುಗಳು ಗಟಾರ್ ಪಂಪನ್ನು ಹಿಂದೆಮುಂದೆ ತಳ್ಳುತ್ತಿರಲು, ಆತನು ಕಾಲಿಗೆ ತಳೆ ತೊಟ್ಟು, ಪಾಚಿಗಟ್ಟಿದ ಮರವನ್ನೇರಿ, ಅಲ್ಲಿಂದಲೇ ಪಕ್ಕದ ಮರವನ್ನು ಸೆಳೆದು ದಾಟುತ್ತ ಮದ್ದು ಹೊಡೆಯುತ್ತಿದ್ದ ಸಾಹಸವನ್ನು ನಾನು ಬಾಲ್ಯದಲ್ಲಿ ಕಣ್ಣಾರೆ ಕಂಡಿದ್ದೇನೆ.

ಕಾಲಕ್ರಮದಲ್ಲಿ ಕೊನೆಗಾರರು ವಿರಳರಾದರು. ನೆಲದಿಂದಲೇ ಗೊನೆಗೆ ಎಟುಕುವ, ಒಂದರೊಳಗೊಂದು ಸೇರುವ ಅಲ್ಯೂಮಿನಿಯಂ ಕೊಳವೆಗಳ ದೋಟಿ ತೋಟಕ್ಕೆ ಬಂದಿತು. ಬರಿಯ ಅಲ್ಯೂಮಿನಿಯಂ ಮೃದುಲೋಹ. ಕೊಳವೆಗಳು ಉಜ್ಜಿದೆಡೆಯಲ್ಲೆಲ್ಲ ಸವೆದು, ಹಿಡಿದವನ ಅಂಗೈಗೆ ಕಪ್ಪು ಮಸಿ ಬಳಿಯುತ್ತಿದ್ದವು. ಆನೋಡೈಸ್ ಮಾಡಿದ ಕೊಳವೆಗಳಾದರೋ ಬಹುಕಾಲ ನುಣುಪಾಗಿಯೇ ಜಾರುತ್ತಿದ್ದವು.

ಈ ಭೇದದ ಕಾರಣವು ವಿಚಾರಾರ್ಹವಾದುದು. ಗಾಳಿ ಸೋಕಿದೊಡನೆ ಅಲ್ಯೂಮಿನಿಯಂ ತನ್ನ ಮೇಲೆ ತಾನೇ ಆಕ್ಸೈಡಿನ ಪೊರೆಯೊಂದನ್ನು ಹೊದೆಯುತ್ತದೆಯಾದರೂ, ಅದು ಮಿಲಿಮೀಟರಿನ ಲಕ್ಷದ ಒಂದು ಪಾಲಿಗಿಂತ ತೆಳುವಾದುದರಿಂದ ಘರ್ಷಣೆಗೆ ನಿಲ್ಲದು. ಗಂಧಕಾಮ್ಲದಲ್ಲಿ ಲೋಹವನ್ನು ಮುಳುಗಿಸಿ ವಿದ್ಯುತ್ತನ್ನು ಹರಿಸಿದರೆ ಆ ಪೊರೆ ಬೆಳೆಯುತ್ತದೆ; ಇದೇ ಆನೋಡೈಸಿಂಗ್. ಆಮ್ಲವನ್ನು ಸೊನ್ನೆ ಡಿಗ್ರಿಯ ಸಮೀಪಕ್ಕೆ ತಣಿಸಿದರೆ ಸುಮಾರು 50 ಮೈಕ್ರಾನ್ ದಪ್ಪದ ಗಡುಸಾದ ಕವಚವೇ ದೊರೆಯುತ್ತದೆ. ಮಾಣಿಕ್ಯ, ನೀಲಮಣಿಗಳೂ ಇದೇ ಆಕ್ಸೈಡಿನ ಸ್ಫಟಿಕಗಳು. ಕ್ಷಾರದ್ರಾವಣದಲ್ಲಿ ನೂರಾರು ವೋಲ್ಟಿನಿಂದ ಕಿಡಿಗಳನ್ನೆಬ್ಬಿಸಿ, ಆ ಸ್ಫಟಿಕವನ್ನೇ ಲೋಹದ ಮೇಲೆ ಬೆಳೆಸುವ, ಇನ್ನೂ ಗಡುಸಾದ ಲೇಪದ ವಿಧಾನವೂ ಇದೆ; ಹೈದರಾಬಾದಿನ ಎ.ಆರ್.ಸಿ.ಐ. ಸಂಶೋಧನಾ ಕೇಂದ್ರವು ಅದರಲ್ಲಿ ಗಣನೀಯವಾದ ಕೆಲಸ ಮಾಡಿದೆ.

ಆದರೆ ಕವಚದ ಬಲಕ್ಕೂ ಮಿತಿಯುಂಟು. ಕೆಸರಿನ ಮೇಲೆ ಹಾಸಿದ ಹಂಚು ಕಾಲಿಟ್ಟಲ್ಲಿ ಬಿರಿಯುವಂತೆ, ಕೊಳವೆಗಳನ್ನು ಹಿಡಿದಿಡುವ ಬಿಗಿಪಟ್ಟಿಯ ತಿರುಪನ್ನು ಅತಿಯಾಗಿ ತಿರುಗಿಸಿದೆಡೆ ಮೆತ್ತಗಿನ ಲೋಹ ತಗ್ಗಿ, ಮೇಲಿನ ಗಡಸು ಪದರ ಸೀಳುತ್ತದೆ. ಉದುರಿದ ಚೂರುಗಳೇ ಉಳಿದ ಮೈಯನ್ನು ಉಜ್ಜತೊಡಗುತ್ತವೆ. ಮೇಲಾಗಿ, ಮದ್ದಿನಲ್ಲಿ ಅದ್ದಿದ ಕತ್ತಿ ಕೆಂಪೇರಿದರೆ ತುತ್ತ ಹೆಚ್ಚಾಯಿತೆಂದರಿತು ಹಿರಿಯರು ಬೆರೆಸುತ್ತಿದ್ದ ಆ ಸುಣ್ಣವೇ ಕ್ಷಾರವಾದುದರಿಂದ, ದೋಟಿಯ ಮೇಲೆ ಇಳಿದು ನಿಂತರೆ ಆಕ್ಸೈಡನ್ನು ಮೆಲ್ಲಮೆಲ್ಲನೆ ಕರಗಿಸುತ್ತದೆ. ಇಂದಿನ ಎಂಜಿನ್ ಪಂಪುಗಳಲ್ಲಿ, ಸುಣ್ಣದ ಹರಳುಗಳ ಸವೆತಕ್ಕೆ ನೇರವಾಗಿ ಒಡ್ಡಿಕೊಳ್ಳುವ ಪ್ಲಂಜರುಗಳನ್ನು ಲೇಪಕ್ಕೆ ಬಿಡದೆ ಇಡಿಯ ಸೆರಾಮಿಕ್ಕಿನಿಂದಲೇ ಮಾಡುವುದು ಯುಕ್ತವಾಗಿಯೇ ಇದೆ.

ಈಗ ಕಾರ್ಬನ್ ಫೈಬರಿನ ಹಗುರವಾದ ದೋಟಿ ಬಂದಿದೆ. ನೆಲದಲ್ಲಿ ನಿಂತೇ ಕೊಯ್ಲೂ ಸಿಂಪಡಣೆಯೂ ನಡೆಯುತ್ತಿವೆ. ಮರದಿಂದ ಬಿದ್ದು ಅಂಗಹೀನರಾದವರನ್ನು ಕಂಡ ನನಗೆ ಈ ಪರಿವರ್ತನೆ ಕೇವಲ ಅನುಕೂಲದ ಮಾತಲ್ಲ, ಜೀವರಕ್ಷಣೆಯ ಮಾತು. ಅಲ್ಯೂಮಿನಿಯಂ ದೋಟಿಯನ್ನು ಇನ್ನೂ ಬಳಸುತ್ತಿರುವ ಬೆಳೆಗಾರ ಬಂಧುಗಳಲ್ಲಿ ನನ್ನ ವಿನಂತಿಯಿಷ್ಟೆ: ಸುಣ್ಣವನ್ನು ಬಟ್ಟೆಯಲ್ಲಿ ಸೋಸಿರಿ, ತಿರುಪನ್ನು ಹದವರಿತು ಬಿಗಿಯಿರಿ, ಕೆಲಸ ಮುಗಿದ ದಿನವೇ ದೋಟಿಯನ್ನು ಶುದ್ಧಜಲದಿಂದ ತೊಳೆದು ಒರೆಸಿಡಿರಿ, ವಿದ್ಯುತ್ ತಂತಿಯ ಬಳಿಗೆ ಮಾತ್ರ ಯಾವ ದೋಟಿಯನ್ನೂ ಒಯ್ಯದಿರಿ.